ಹೊಳೆಗೆ ಬೆನ್ನು ಕೊಟ್ಟ ಮನೆ

ಬೆಳಿಗ್ಗೆ ಚಹಾ ಕುಡಿಯುವಾಗ ಕಣ್ಣೆದುರು ನೀರಿರಬೇಕು. ನನ್ನ ಆಸೆ ಇಷ್ಟೇ ಇತ್ತು. ಸಮುದ್ರ ಬೇಡ, ಜಲಪಾತ ಬೇಡ. ಕಿಟಕಿ ತೆಗೆದರೆ ನೀರು ಕಂಡರೆ ಸಾಕು.

ಈ ಹುಚ್ಚು ಹಿಡಿದದ್ದು ಸಿಕಂದರಾಬಾದಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ. ನಮ್ಮ ಡಾರ್ಮಿಟರಿಯ ಕೊನೆಯ ಕಿಟಕಿಯಿಂದ ಒಂದು ಕೆರೆ ಕಾಣುತ್ತಿತ್ತು. ಆ ಕಿಟಕಿಯ ಪಕ್ಕದ ಮಂಚಕ್ಕಾಗಿ ಪ್ರತಿ ಜೂನ್ ತಿಂಗಳು ಹುಡುಗಿಯರಲ್ಲಿ ಕೋಲ್ಡ್ ವಾರ್ ನಡೆಯುತ್ತಿತ್ತು. ನನಗೆ ಅದು ಸಿಕ್ಕಿದ್ದು ಒಂದೇ ಒಂದು ವರ್ಷ. ಪ್ರೇಯರ್ ಬೆಲ್ ಹೊಡೆಯುವ ಮೊದಲೇ ಎದ್ದು, ಕಿಟಕಿಗೆ ಮೊಣಕೈ ಊರಿ, ನೀರಿನ ಮೇಲೆ ಬೆಳಕು ಹರಡುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಸಿಸ್ಟರ್ ಬಂದು ಕಿವಿ ಹಿಂಡುವವರೆಗೂ ನಿಲ್ಲುತ್ತಿದ್ದೆ. ಆ ವರ್ಷ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಿದ್ದವು. ಹೋಗಲಿ, ಜೀವನಕ್ಕೆ ಸಾಕಾಗುವಷ್ಟು ನೀರು ನೋಡಿಕೊಂಡೆ ಎಂದು ಸಮಾಧಾನ ಮಾಡಿಕೊಂಡೆ. ಸಾಕಾಗಲಿಲ್ಲ.

ಯಾಕೆಂದರೆ ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಆಳಂದದ ಒಬ್ಬ ದನದ ಡಾಕ್ಟರಿಗೆ. ಸರಕಾರಿ ನೌಕರಿ, ಸರಕಾರಿ ಕ್ವಾರ್ಟರ್ಸು. ಆಳಂದ, ಅಫಜಲಪುರ, ಜೇವರ್ಗಿ, ಮತ್ತೆ ಆಳಂದ. ನಮ್ಮ ಟ್ರಂಕುಗಳು ಈ ಮೂರೂರಿನ ನಡುವೆ ಸುತ್ತುತ್ತಲೇ ಇದ್ದವು. ಆಳಂದದ ಕ್ವಾರ್ಟರ್ಸಿನ ಕಿಟಕಿ ತೆಗೆದರೆ ದನಗಳನ್ನು ಬಿಗಿದು ಇಂಜೆಕ್ಷನ್ ಕೊಡುವ ಕಟ್ಟಿಗೆಯ ಚೌಕಟ್ಟು. ಬೆಳಿಗ್ಗೆ ಚಹಾ ಕಪ್ ಎತ್ತಿದೆನೆಂದರೆ ಎದುರಿಗೆ ಯಾವುದೋ ಎತ್ತಿನ ಹಿಂಭಾಗ. ಅಫಜಲಪುರದಲ್ಲಿ ಕಿಟಕಿಗೆದುರು ಒಂದು ಉದ್ದನೆಯ ಕಾಂಪೌಂಡ್ ಗೋಡೆ. ಜೇವರ್ಗಿಯಲ್ಲಿ ತೊಗರಿಬೇಳೆಯ ಮಿಲ್ಲು. ಅದರ ಹೊಟ್ಟಿನ ಧೂಳಿಗೆ ಹೆದರಿ ಕಿಟಕಿ ತೆಗೆಯುವ ಮಾತೇ ಇರಲಿಲ್ಲ. ನಾನು ಒಂದು ದಿನವೂ ಕಂಪ್ಲೇನ್ ಮಾಡಿದವಳಲ್ಲ. ಆದರೆ ಇವರ ರಿಟೈರ್‌ಮೆಂಟ್ ಹತ್ತಿರ ಬಂತು ನೋಡಿ, ಎಂಬತ್ತರ ದಶಕದ ಕೊನೆಯಲ್ಲಿ, ಆಗ ಬಾಯಿ ಬಿಟ್ಟು ಹೇಳಿದೆ.

"ರೀ, ಇನ್ನ ಮ್ಯಾಲ ಇರೋದು ನಮ್ಮ ಸ್ವಂತ ಮನ್ಯಾಗ. ಆ ಮನಿಗೆ ವಾಟರ್ ವ್ಯೂ ಇರಬೇಕು."

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕೊಳವಿ ಭಾವಿ ಹಾಕಸ್ತೇನಿ ಬಿಡು."

"ಕುಡಿಯೋ ನೀರಲ್ರಿ. ನೋಡೋ ನೀರು."

ಆಗ ಪೇಪರ್ ಮಡಚಿದರು. ಅವರಿಗೂ ಮೂರು ಬೇಡಿಕೆಗಳಿದ್ದವು: ಹತ್ತಿರದಲ್ಲೇ ಮನುಷ್ಯರ ದವಾಖಾನೆ, ಗುಲಬರ್ಗಾಕ್ಕೆ ಹೋಗುವ ಬಸ್ಸು, ಅವತ್ತಿನ ಪೇಪರು ಅವತ್ತೇ ಕೈಗೆ. "ಜೀವನಪೂರ್ತಿ ಎಮ್ಮಿ ಜೊತಿ ಹಳ್ಯಾಗ ಅಡ್ಡಾಡೇನಿ. ಇನ್ನ ಸಿಟಿ ಸನೇಕ ಇರ್ತೇನಿ" ಎಂದರು. ನೀರೂ ಬೇಕು, ಊರೂ ಬೇಕು, ಪೆನ್ಷನ್ ಮನುಷ್ಯರ ಕೈಗೆ ಎಟುಕುವಂತೆಯೂ ಇರಬೇಕು. ಇಂಥ ಮನೆ ನಮ್ಮ ಬಿಸಿಲುನಾಡಿನಲ್ಲಿ ಎಲ್ಲಿದೆ? ಹುಡುಕಲು ಹೊರಟೆವು, ಅವರ ಸ್ಕೂಟರಿನ ಮೇಲೆ, ನಾನು ಹಿಂದೆ ಸೈಡಿಗೆ ಕೂತು, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು. ಹೊಸ ಡಾಕ್ಟರು ಬರುವಷ್ಟರಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು.

ಮೊದಲು ನೋಡಿದ್ದು ಆಳಂದದ ಕಡೆ. ಒಂದು ಡ್ಯಾಮ್ ಕಟ್ಟುತ್ತಿದ್ದಾರೆ, ಅದರ ಹಿನ್ನೀರಿನ ದಂಡೆಗೆ ಒಳ್ಳೆ ಜಾಗ ಇದೆ ಎಂದು ಪರಿಚಯದ ರೈತನೊಬ್ಬ ಕರೆದುಕೊಂಡು ಹೋದ. ಹೋಗಿ ನಿಂತರೆ ಸುತ್ತಲೂ ಬಿರುಕು ಬಿಟ್ಟ ಕರಿಮಣ್ಣು, ದೂರದಲ್ಲಿ ಒಂದು ಜಾಲಿಗಿಡ.

"ನೀರ ಎಲ್ಲಿ ಅದರೀ?" ಎಂದು ಕೇಳಿದೆ.

"ಬರ್ತದ್ರಿ ಬಾಯಾರ. ಆ ಜಾಲಿಗಿಡ ಕಾಣಾಕತ್ತದಲ್ರಿ, ಅಲ್ಲೀತನಕಾ ಬಂದು ನಿಲ್ತದ."

"ಯಾವಾಗ?"

"ಡ್ಯಾಮ್ ಮುಗಿದ ಮ್ಯಾಲ."

"ಅದು ಯಾವಾಗ ಮುಗೀತದ?"

"ಅದನ್ನ ಸಾಹೇಬರ್ನ ಕೇಳ್ರಿ. ಅವರು ಸರಕಾರದ ಮನಷ್ಯಾರು, ನಾ ಬರೇ ಹೊಲದ ಮನಷ್ಯಾ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಲೇ, ಜಾಲಿಗಿಡದತನಕಾ ಬಂದು ನಿಲ್ಲು ಅಂತ ನೀರಿಗೆ ಯಾರ ಹೇಳ್ಯಾರೋ? ನಾಕ ಹೆಜ್ಜಿ ಮುಂದ ಬಂತಂದ್ರ?"

"ಮತ್ತೂ ಛಲೋ ಆತಲ್ರಿ! ಬಾಯಾರಿಗೆ ಅಡಗಿಮನ್ಯಾಗೇ ನೀರ!"

ಸ್ಕೂಟರ್ ತಿರುಗಿಸಿದೆವು. ದಾರಿಯುದ್ದಕ್ಕೂ ಇವರ ಭುಜ ಅಲುಗುತ್ತಿತ್ತು. ನನಗೂ ನಗು ಬಂದಿತ್ತು, ತೋರಿಸಲಿಲ್ಲ.

ಎರಡನೆಯದು ಜೇವರ್ಗಿ ರಸ್ತೆಯಲ್ಲಿ, ಭೀಮಾ ಸೇತುವೆಯ ಸಮೀಪ. ಇದು ಇವರ ಚಾಯ್ಸ್. ಹೊಸ ಸಿಮೆಂಟಿನ ಮನೆ, ಗುಲಬರ್ಗಾದ ಬಸ್ಸುಗಳೆಲ್ಲ ಬಾಗಿಲ ಮುಂದೆಯೇ ಹಾಯುತ್ತಿದ್ದವು. ಪೇಪರಿನ ಕಟ್ಟು ಬೆಳಿಗ್ಗೆಯೇ ಅಲ್ಲಿ ಇಳಿಯುತ್ತಿತ್ತು. ಹೊಳೆಯೂ ಕಾಣುತ್ತಿತ್ತು, ಇಲ್ಲವೆನ್ನುವುದಿಲ್ಲ. ಟೆರೇಸ್ ಹತ್ತಿ, ಪಂಕ್ಚರ್ ಅಂಗಡಿಯ ಟಯರ್ ರಾಶಿಯ ಆಚೆ ಕತ್ತು ಉದ್ದ ಮಾಡಿ ನೋಡಿದರೆ ಒಂದು ಪಟ್ಟಿಯಷ್ಟು ನೀರು, ಅದರಲ್ಲಿ ಇಳಿದು ಮೈ ತೊಳೆಸಿಕೊಳ್ಳುತ್ತಿರುವ ಒಂದು ಲಾರಿ. ಮನೆಯವರು ಚಹಾ ಕೊಟ್ಟರು. ಬಾಯಿಗಿಡುವಷ್ಟರಲ್ಲಿ ಒಂದು ಟ್ರಕ್ಕು ಹಾರ್ನ್ ಹೊಡೆದ ರಭಸಕ್ಕೆ ಅರ್ಧ ಕಪ್ ಸೀರೆಯ ಮೇಲೆ.

"ನೋಡು ಮೇಡಂ, ಬಸ್ಸು ಮನಿ ಮುಂದ ನಿಲ್ತದ" ಎಂದರು ಇವರು, ಮುಖವೆಲ್ಲ ಅರಳಿಸಿಕೊಂಡು. ನನ್ನ ಕಾನ್ವೆಂಟ್ ಓದನ್ನು ಆಡಿಕೊಳ್ಳುವಾಗ ನಾನು ಅವರಿಗೆ ಮೇಡಂ.

"ಮನಿ ಮುಂದಲ್ಲರೀ, ಇನ್ನೊಂದು ಸ್ವಲ್ಪ ಬ್ರೇಕ್ ತಪ್ಪಿತಂದ್ರ ಮನಿ ಒಳಗ ನಿಲ್ತದ."

"ದವಾಖಾನಿ ಸನೇ ಅದ."

"ಇಲ್ಲಿದ್ರ ದವಾಖಾನಿ ಬೇಕಾಗೇ ಆಗ್ತದ."

ಆದರೆ ಇವರ ಮನಸ್ಸು ಅಲ್ಲಿ ಕೂತುಬಿಟ್ಟಿತು. ಇಷ್ಟು ರೊಕ್ಕದೊಳಗೆ ಇಂಥ ಮನೆ ಎಲ್ಲಿ ಸಿಗುತ್ತದೆ, ಸೋಮವಾರ ಮಾತು ಕೊಟ್ಟುಬಿಡ್ತೇನಿ ಎಂದರು. ಕಾನ್ವೆಂಟಿನಲ್ಲಿ ನಮಗೆ ಕಾಂಪ್ರಮೈಸ್ ಮಾಡಿಕೊಳ್ಳಲು ಚೆನ್ನಾಗಿಯೇ ಕಲಿಸಿದ್ದರು. ಆದರೆ ಆ ವಾರ ಚಹಾ ಕಪ್ ಎತ್ತಿದಾಗಲೆಲ್ಲ ಎದುರಿಗಿನ ಎತ್ತನ್ನು ನೋಡುತ್ತ, ಇನ್ನು ಉಳಿದ ಆಯುಷ್ಯಕ್ಕೆಲ್ಲ ಟಯರುಗಳೇ ಗತಿ ಎಂದುಕೊಳ್ಳುತ್ತಿದ್ದೆ.

ಆ ವಾರವೇ ಇವರಿಗೆ ಘತ್ತರಗಿಯಲ್ಲಿ ದನಗಳಿಗೆ ಲಸಿಕೆ ಹಾಕುವ ಕ್ಯಾಂಪ್ ಬಿತ್ತು. ಇಲಾಖೆಯ ಜೀಪು ಹೊರಟಿತ್ತು. ಸುಮ್ಮನೆ ಮನೆಯಲ್ಲಿ ಕೂತು ಮುಖ ಊದಿಸುವುದಕ್ಕಿಂತ ಮೇಲು ಎಂದು ನಾನೂ ಹತ್ತಿದೆ. ಘತ್ತರಗಿ ಭೀಮೆಯ ದಂಡೆಯ ಮೇಲಿನ ಊರು. ಭಾಗ್ಯವಂತಿಯ ಗುಡಿಗೆ ಅಮಾವಾಸ್ಯೆ ಅಮಾವಾಸ್ಯೆಗೂ ಜನ ಕಿಕ್ಕಿರಿದು ಬರುತ್ತಾರೆ. ಅವತ್ತು ಅಮಾವಾಸ್ಯೆಯಲ್ಲ, ಓಣಿಗಳು ಖಾಲಿ. ಇವರು ಎಮ್ಮೆಗಳ ನಡುವೆ ಮುಳುಗಿದರು. ನಾನು ಹೊಳೆಯ ಮೆಟ್ಟಿಲ ತನಕ ಹೋಗಿ, ಬಿಸಿಲು ತಾಳದೆ ಒಂದು ಓಣಿಗೆ ತಿರುಗಿದೆ.

"ಏ ತಂಗಿ, ಬಿಸಲಾಗ ಯಾಕ ನಿಂತೀದಿ? ಮ್ಯಾಲ ಬಾ ಬೇ!"

ತಲೆ ಎತ್ತಿದೆ. ಹಳೆಯ ಕಲ್ಲಿನ ಮನೆಯ ಮಾಳಿಗೆಯ ಮೇಲೆ ಒಬ್ಬ ಮುದುಕಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದಳು. ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು. ಊರೆಲ್ಲ ಅವಳನ್ನು ಆಯಿ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಒಳಗಿನ ಕಲ್ಲು ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದು ಆ ಕಡೆ ತಿರುಗಿದೆ.

ಹೊಳೆ ಅಲ್ಲೇ ಇತ್ತು. ಅಂಗಳದಲ್ಲಿ ಬಂದು ಕೂತ ನೆಂಟರ ಹಾಗೆ. ಬೂದು ಬಣ್ಣದ ಅಗಲವಾದ ನೀರು, ಅದರ ಮೇಲೆ ಒಂದು ತೆಪ್ಪ, ಆಚೆ ದಡದಲ್ಲಿ ಕಬ್ಬಿನ ಹಸಿರು. ಹದಿನಾಲ್ಕು ವರ್ಷದ ಹುಡುಗಿಯ ಹಾಗೆ ಪ್ಯಾರಪೆಟ್ಟಿಗೆ ಮೊಣಕೈ ಊರಿ ನಿಂತುಬಿಟ್ಟೆ.

"ಏನ ನೋಡಾಕತ್ತೀದಿ? ಅಲ್ಲಿ ಏನದ?"

"ಹೊಳಿ ಅದಲ್ರಿ ಆಯಿ."

"ಹೊಳಿ ಇರ್ತದ. ಎಲ್ಲಿ ಹೋಗ್ತದ ಅದು?"

ದನದ ಡಾಕ್ಟರ ಹೆಂಡತಿ ನಾನು, ಮನೆ ಹುಡುಕುತ್ತಿದ್ದೇವೆ ಎಂದೆ. ಮಾತಿಗೆ ಮಾತು ಬಂದು ಗೊತ್ತಾಯಿತು, ಆಯಿಯ ಮೊಣಕಾಲುಗಳು ಈ ಮೆಟ್ಟಿಲುಗಳ ಜೊತೆ ಜಗಳ ತೆಗೆದಿದ್ದವು. ಗೊಬ್ಬೂರಿನಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು, ನೆಲಕ್ಕೆ ಸಮನಾದ ಮನೆ. ಅಲ್ಲಿಗೆ ಹೋಗಲು ಅವಳು ಕುಣಿಯುತ್ತಿದ್ದಳು. ಆದರೆ ಈ ಮನೆಯನ್ನು ಸಿಕ್ಕವರ ಕೈಗೆ ಕೊಡಲಾರಳು. "ಒಬ್ಬಾಂವ ಬಂದಿದ್ದ, ಗೊಬ್ಬರದ ಚೀಲ ಇಡಾಕ ಬೇಕಂತ. ಇದು ಮನಿ, ಗೋದಾಮಲ್ಲ ಅಂತ ಬಾಗಲಾ ಹಾಕ್ಕೊಂಡೆ."

"ಹೊಳಿ ತುಂಬಿ ಬಂದಾಗ ಎಲ್ಲೀತನಕಾ ಬರ್ತದ್ರಿ?"

"ಇಲ್ಲೇ ಬುಡದಾಗ ಬಂದು ಮಾತಾಡ್ಸಿ ಹೋಗ್ತಾಳ. ನಮ್ಮದು ದಿಬ್ಬದ ಮನಿ. ಒಳಗ ಬಾ ಅಂತ ಕರದ್ರೂ ಬರಂಗಿಲ್ಲ, ಸ್ವಾಭಿಮಾನಿ."

ಕೆಳಗಿಳಿದು ಮನೆ ನೋಡಿದೆ. ಶಹಾಬಾದಿ ಕಲ್ಲಿನ ನೆಲ, ಮಧ್ಯಾಹ್ನದಲ್ಲೂ ಕಾಲಿಗೆ ತಂಪು. ದಪ್ಪ ಗೋಡೆ, ತೊಲೆ, ಗೂಡು, ಎಲ್ಲಾ ಚೆಂದ. ಆದರೆ ಕತ್ತಲು. ಬಾಗಿಲು ಓಣಿಯ ಕಡೆ, ಕಿಟಕಿ ಓಣಿಯ ಕಡೆ. ಹೊಳೆಯ ಕಡೆಗೆ ನೆಲದಿಂದ ತೊಲೆಯ ತನಕ ಮೊಂಡು ಗೋಡೆ. ಗೋಡೆಯಾಚೆ ಅಷ್ಟು ದೊಡ್ಡ ಹೊಳೆ ಇದೆಯೆಂದು ಒಳಗೆ ಕೂತವರಿಗೆ ಸುಳಿವೂ ಸಿಗುವಂತಿರಲಿಲ್ಲ. ಹೊಳೆದಂಡೆಯ ಆ ಸಾಲಿನ ಮನೆಗಳೆಲ್ಲ ಹಾಗೇ, ಹೊಳೆಗೆ ಬೆನ್ನು ಕೊಟ್ಟು ಕೂತಿದ್ದವು.

"ಈ ಕಡೆ ಕಿಟಕಿ ಇಲ್ಲೇನ್ರಿ ಆಯಿ?"

"ಯಾಕ ಬೇಕು? ಕೊಡ ಹೊತ್ತು ದಿನಾ ಮತ್ತ ಮತ್ತ ಅಕಿ ಕಡೀಗೇ ಹೋಗ್ತಿದ್ದೆ. ಮನಿಗೆ ಬಂದ ಮ್ಯಾಲೂ ಅಕಿ ಮಾರೀನೇ ನೋಡ್ಲೇನು? ಮತ್ತ ಅದು ದಕ್ಷಿಣ. ಯಮನ ದಿಕ್ಕಿಗೆ ಯಾರ ಬಾಯಿ ತಗೀತಾರ?"

ನೋಡುವ ನೀರು, ಕುಡಿಯುವ ನೀರು ಎಂದು ಇವರಿಗೆ ನಾನು ಪಾಠ ಹೇಳಿದ್ದೆನಲ್ಲ. ಹೊರುವ ನೀರು ಎಂದೂ ಒಂದು ಇದೆ ಎಂಬುದು ಆಗ ತಲೆಗೆ ಹೋಯಿತು.

ಹೊರಡುವಾಗ ಆಯಿ ನನ್ನನ್ನು ತಡೆದಳು. "ಮನಿ ಪಸಂದ ಬಂತೇನು?" ಎಂದು ಕೇಳಿದಳು. ಕತ್ತಲೆಯ ಮಾತು ಎತ್ತುವುದು ಪೊಲೈಟ್ ಅಲ್ಲವೆಂದು, "ಭಾಳ ಪಸಂದ ಬಂತ್ರಿ" ಎಂದೆ. ಖುಷಿಯಾಗಿ ನನ್ನನ್ನು ಹೊಸ್ತಿಲ ಒಳಗೆ ನಿಲ್ಲಿಸಿ ಉಡಿ ತುಂಬಿದಳು. ಅಕ್ಕಿ, ಒಣ ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು, ಒಂದು ಹಸಿರು ಖಣ. ಕೊನೆಗೆ ಒಲೆಯ ಕಡೆಯಿಂದ ಬಂದು ಇನ್ನೇನೋ ಹಾಕಿ, ಸೆರಗಿನ ತುದಿ ಸಿಕ್ಕಿಸಿ, ತಲೆ ಸವರಿದಳು. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆ ಇದ್ದದ್ದೇ. ಕೈ ಹಿಡಿದುಕೊಂಡು "ಥ್ಯಾಂಕ್ಯೂ ಆಯಿ" ಎಂದೆ. "ಥ್ಯಾಂಕು, ಥ್ಯಾಂಕು" ಎಂದು ಅವಳೂ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು.

ಜೀಪಿನಲ್ಲಿ ಇವರಿಗೆ ಹೇಳಿದೆ. "ಲವ್ಲಿ ಮನಿರೀ. ಹೊಳಿ ಕಾಲ ಬುಡಕ್ಕ. ಆದ್ರ ಹೊಳಿ ಕಡಿ ಒಂದೂ ಕಿಟಕಿ ಇಲ್ಲ."

"ಘತ್ತರಗ್ಯಾಗ? ದವಾಖಾನಿ?" ಎಂದರು, ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಉಡಿ ಬಿಚ್ಚಿದರೆ ಅಕ್ಕಿಯ ನಡುವೆ ಮಸಿ ಹತ್ತಿದ ಒಂದು ಮಣ್ಣಿನ ಹೆಂಟೆ. ಪಾಪ, ಮುದುಕಿಗೆ ಕಣ್ಣು ಕಾಣದೆ ಬಿದ್ದಿರಬೇಕು ಎಂದು ಅದನ್ನು ಪುಡಿ ಮಾಡಿ ನನ್ನ ಕ್ರೋಟನ್ ಕುಂಡಕ್ಕೆ ಹಾಕಿದೆ. ಅಕ್ಕಿ ತೊಳೆದು ಅನ್ನ ಮಾಡಿದೆ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ರುಮಾಲು ಸುತ್ತಿದ ಒಬ್ಬ ರೈತ, ಪಕ್ಕದಲ್ಲಿ ಬಿಳಿಜೋಳದ ಚೀಲ, ಕೈಯಲ್ಲಿ ಗೇಣುದ್ದದ ಕಬ್ಬಿಣದ ಕೀಲಿಕೈ. ಗೊಬ್ಬೂರಿನ ಅಳಿಯ.

"ಆಯಿ ಗಂಟು ಕಟ್ಟಿ ಕುಂತಾಳ್ರಿ ಡಾಕ್ಟರ್ ಸಾಬ. ನೀವು ಯಾವಾಗ ಬರ್ತೀರಂತ ಕೇಳ್ಕೊಂಡು ಬಾ ಅಂದಾಳ."

"ಎಲ್ಲಿಗೆ? ಯಾವ ಎಮ್ಮಿಗೆ ಏನಾಗ್ಯದ?"

"ಎಮ್ಮಿ ಅಲ್ರಿ, ಮನಿಗಿ. ಬಾಯಾರು ಮನಿ ಉಡಿ ತುಂಬಿಸ್ಕೊಂಡು ಬಂದಾರಲ್ರಿ."

ಇವರು ನನ್ನ ಮುಖ ನೋಡಿದರು. ನಾನು ಕ್ರೋಟನ್ ನೋಡಿದೆ.

ಅಳಿಯ ಬಿಡಿಸಿ ಹೇಳಿದ. ಅವರ ಮನೆತನದಲ್ಲಿ ಮನೆ ಕೊಡುವ ಹೆಂಗಸು ಮನೆ ಹಿಡಿಯುವ ಹೆಂಗಸನ್ನು ಹೊಸ್ತಿಲೊಳಗೆ ನಿಲ್ಲಿಸಿ ಉಡಿ ತುಂಬುತ್ತಾಳೆ. ಆ ಉಡಿಯಲ್ಲಿ ಒಲೆಯ ಮಣ್ಣು ಹಾಕುತ್ತಾಳೆ. ಮಣ್ಣು ತೆಗೆದುಕೊಂಡವಳು ಹೊಸ್ತಿಲು ದಾಟಿದಳೆಂದರೆ ಮನೆ ಅವಳದಾಯಿತು. ಉಳಿದದ್ದೆಲ್ಲ ಗಂಡಸರ ಕಾಗದದ ಕೆಲಸ. "ರೊಕ್ಕದ ಮಾತು ನಾವು ನೀವು ಕೂತು ಆಡೂಣ್ರಿ. ನಿಮ್ಮ ಕೈಲೆ ಆಗೋವಷ್ಟೇ. ಅಫಜಲಪುರದಾಗ ಇದ್ದಾಗ ಊರ ಎಮ್ಮಿ ಉಳಿಸಿದ ಡಾಕ್ಟರು, ಹೆಚ್ಚ ಕೇಳಿದ್ರ ನನ್ನ ಮಾತಾಡಿಸಬ್ಯಾಡ ಅಂದಾಳ್ರಿ ಆಯಿ."

ಅವನು ಹಿತ್ತಿಲಿಗೆ ಕೈಕಾಲು ತೊಳೆಯಲು ಹೋದ. ಇವರು ಪಿಸುದನಿಯಲ್ಲಿ ಗುಡುಗಿದರು. "ನೀ ಅಲ್ಲಿ ಏನಂದು ಬಂದೀದಿ?"

"ಐ ಓನ್ಲಿ ಸೆಡ್ ಥ್ಯಾಂಕ್ಯೂ."

"ಥ್ಯಾಂಕ್ಯೂ ಅಂದು ಮನಿ ತಗೊಂಡು ಬಂದಾಕಿ ಇಡೀ ಜಿಲ್ಲಾದಾಗ ನೀ ಒಬ್ಬಾಕಿನೇ ಇರಬೇಕು!"

"ವಾಪಸ್ ಕೊಟ್ಟುಬಿಡ್ರಿ ಮತ್ತ."

"ಉಡಿ ವಾಪಸ್ ಕೊಡ್ತಾರೇನು? ಅದೂ ಅಕ್ಕಿ ನಾವು ಉಂಡ ಮ್ಯಾಲ?"

ತುಂಬಿದ ಉಡಿಯನ್ನು ತಿರುಗಿಸಿ ಕೊಟ್ಟ ಮನೆತನ ನಮ್ಮ ಕಡೆ ಮುಖ ಎತ್ತಿ ತಿರುಗುವಂತಿಲ್ಲ. ಇವರು ವರಾಂಡದಲ್ಲಿ ಶತಪಥ ಹಾಕಿದರು. ಅಳಿಯ ಮಾತ್ರ ನಿಶ್ಚಿಂತೆಯಿಂದ ರೊಟ್ಟಿ ಉಂಡ. ಬಸ್ಸಿನ ವಿಷಯ ಕೇಳಿದರೆ, "ಭಾಗ್ಯವಂತಿ ತಾಯಿ ಸಲುವಾಗಿ ಎಲ್ಲಾ ಕಡೀಂದ ಬಸ್ಸ ಬರ್ತಾವ್ರಿ, ಗುಲಬರ್ಗಾದ್ದೂ ಅದ, ಸೊಲ್ಲಾಪುರದ್ದೂ ಅದ" ಎಂದ. ದವಾಖಾನೆ ಅಫಜಲಪುರದಲ್ಲಿ, ಒಂದೇ ಬಸ್ಸು. ಪೇಪರು? "ಬರ್ತದ್ರಿ, ಮಧ್ಯಾಹ್ನದ ಬಸ್ಸಿಗೆ." ಇವರು ಆ ಒಂದಕ್ಕೆ ಬಹಳ ಹೊತ್ತು ಮರುಗಿದರು. ಆಮೇಲೆ ಕೀಲಿಕೈ ಎತ್ತಿ ಅಂಗೈಯಲ್ಲಿ ತೂಗಿ ನೋಡಿ, "ಇಷ್ಟ ದೊಡ್ಡ ಕೀಲಿ ಕಳಿಯಾಕಂತೂ ಸಾಧ್ಯಿಲ್ಲ" ಎಂದರು. ಅವರ ಒಪ್ಪಿಗೆಗಳೆಲ್ಲ ಹೀಗೆ ಪಕ್ಕದ ಬಾಗಿಲಿನಿಂದಲೇ ಬರುತ್ತಿದ್ದವು.

ಹೀಗೆ ನನಗೆ ಹೊಳೆದಂಡೆಯ ಮನೆ ಸಿಕ್ಕಿತು, ಹೊಳೆಯೊಂದನ್ನು ಬಿಟ್ಟು.

ನಾನು ಈಗ ಒಂದೇ ಹಟ ಹಿಡಿದೆ: ಗೃಹಪ್ರವೇಶದೊಳಗೆ ಆ ದಕ್ಷಿಣದ ಗೋಡೆಯಲ್ಲಿ ಕಿಟಕಿಯಾಗಬೇಕು. ಊರಿನ ಗೌಂಡಿ ಬಂದ, ಗೋಡೆ ತಟ್ಟಿ ನೋಡಿದ, ತಲೆಯಾಡಿಸಿದ. "ಬಚ್ಚಲಾ ಅನ್ರಿ, ಮಾಡಾಂ. ಮಾಳಗಿ ಅನ್ರಿ, ಮಾಡಾಂ. ದಕ್ಷಿಣಕ್ಕ ನಾ ಹಾರಿ ಹಾಕಂಗಿಲ್ರಿ ಬಾಯಾರ. ನನಗೂ ಮಕ್ಕಳು ಮರಿ ಅದಾವ."

ನಾನು ಇವರ ಕಡೆ ತಿರುಗಿದೆ. ಇವರದು ಶರಣರ ದಾರಿಯ ಮನೆತನ. ದಿನಾ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ, ಆದರೆ ಪಂಚಾಂಗ ಮನೆಯೊಳಗೆ ಬರುವಂತಿಲ್ಲ. ರಾಹುಕಾಲ ಎಂದರೆ ನಗುತ್ತಿದ್ದರು. ನಮ್ಮ ಮದುವೆ ಭಾನುವಾರ ನಡೆದದ್ದು ಭಾನುವಾರ ಎಲ್ಲರಿಗೂ ರಜೆ ಎಂಬ ಒಂದೇ ಕಾರಣಕ್ಕೆ. ಅಂಥವರು ಗೋಡೆ ನೋಡಿ ಗಂಟಲು ಸರಿಪಡಿಸಿಕೊಂಡರು.

"ಅವ ಅನ್ನೋದೂ ಖರೇ. ಹಳೇ ಗ್ವಾಡಿ. ಬಿದ್ದ ಗಿದ್ದೀತು."

"ಗ್ವಾಡಿ ಚಿಂತೀನೋ ಯಮನ ಚಿಂತೀನೋ?"

"ಯಮನ ಚಿಂತಿ ನನಗಿಲ್ಲ. ಚಿಂತಿ ಏನಿದ್ರೂ ನಮ್ಮಕ್ಕಂದು."

ಅಕ್ಕ ಎಂದರೆ ಇವರ ದೊಡ್ಡಕ್ಕ, ಹಿರೋಳ್ಳಿಯಲ್ಲಿ ಹೊಲ ಮನೆ ಎರಡೂ ಒಬ್ಬಳೇ ನಡೆಸುತ್ತಿದ್ದ ಹೆಣ್ಣುಮಗಳು. ಗಡಿಯೂರಾದ್ದರಿಂದ ಬೈಯುವುದು ಕನ್ನಡದಲ್ಲಿ, ಬೆರಗಾಗುವುದು ಮರಾಠಿಯಲ್ಲಿ. ತಾಯಿ ಇಲ್ಲದ ತಮ್ಮನನ್ನು ಸಾಕಿ ಓದಿಸಿದವಳು. ಇವರು ಹುಚ್ಚು ಹಿಡಿದ ಗೂಳಿಗೂ ಹೆದರುತ್ತಿರಲಿಲ್ಲ, ಅಕ್ಕನಿಗೆ ಹೆದರುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಚಮಚೆಯಲ್ಲಿ ಅನ್ನ ಉಣ್ಣುವುದನ್ನು ಕಂಡು, "ಕೈ ನೋಯಾಕತ್ತದೇನು ತಂಗಿ?" ಎಂದು ಕೇಳಿದ್ದು ಇನ್ನೂ ನೆನಪಿದೆ. ಅವಳು ಹೂಂ ಅಂದರೆ ಗೌಂಡಿಯೂ ಹೂಂ ಎನ್ನುತ್ತೇನೆಂದ. ಅಂದರೆ ನನ್ನ ಕಿಟಕಿ ಪೂರ್ತಿ ಅವಳ ನಾಲಗೆಯ ಮೇಲೆ ನಿಂತಿತು. ನಾನು ಆಸೆ ಬಿಟ್ಟೆ. ಸಂಜೆ ಮಾಳಿಗೆಗೆ ಕುರ್ಚಿ ಒಯ್ದು ಕೂತರಾಯಿತು, ನನ್ನ ಮೊಣಕಾಲು ಮೆಟ್ಟಿಲ ಜೊತೆ ಜಗಳ ತೆಗೆಯುವವರೆಗೆ.

ಗೃಹಪ್ರವೇಶದ ದಿನ ಅಕ್ಕ ಬಂದಳು. ಆಯಿಯೂ ಗೊಬ್ಬೂರಿನಿಂದ ಅಳಿಯನ ಜೊತೆ ಗಾಡಿಯಲ್ಲಿ ಬಂದಳು. ಹಾಲುಕ್ಕಿಸಬೇಕು, ಹೊಸ ಒಲೆಗೆ ಹಳೆ ಒಲೆಯ ಮಣ್ಣು ಕೂಡಿಸಬೇಕು.

"ತಾ ಇಲ್ಲಿ ಮಣ್ಣು" ಎಂದಳು ಆಯಿ.

ನಾನು ಕ್ರೋಟನ್ ಕುಂಡ ತಂದು ಅವಳ ಮುಂದಿಟ್ಟೆ. ಯಾವುದು ಒಲೆಯ ಮಣ್ಣು, ಯಾವುದು ಕುಂಡದ ಮಣ್ಣು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಆಯಿ ಗಿಡವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕುಂಡದ ಮಣ್ಣನ್ನೆಲ್ಲ ಒಲೆಗೆ ಕಲಸಿದಳು. "ಅಗಂ ಬಾಯಿ!" ಎಂದಳು ಅಕ್ಕ. ಕ್ರೋಟನನ್ನು ಅಂಗಳದಲ್ಲಿ ನೆಟ್ಟೆವು.

ಹಾಲುಕ್ಕಿತು. ಹೊಗೆಯೂ ಉಕ್ಕಿತು. ಕತ್ತಲ ಮನೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲದೆ ಎಲ್ಲರ ಕಣ್ಣಲ್ಲೂ ನೀರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಿಡುಕಿದಳು. "ಇದೇನ ಮನೀನೋ ಜ್ವಾಳ ತುಂಬೋ ಹಗೇವೋ? ಹೊಳಿ ದಂಡೀಗೆ ಮನಿ ತಗೊಂಡಾನಂತ ಊರ ತುಂಬಾ ಹೇಳಿ ಬಂದೇನಿ. ಎಲ್ಲಿ ಅದ ಹೊಳಿ?"

"ಈ ಗ್ವಾಡಿ ಹಿಂದ ಅದ" ಎಂದರು ಇವರು, ಶಾಲೆಯ ಹುಡುಗನ ಹಾಗೆ.

"ಹಿಂದ ಯಾಕ ಅದ? ಕಿಟಕಿ ಯಾಕಿಲ್ಲ?"

"ಅದು ದಕ್ಷಿಣ ಅಕ್ಕಾ. ನೀ ಏನಂತೀದೋ ಅಂತ..."

"ನಾ?" ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಲೇ, ಎಮ್ಮಿ ಡಾಕ್ಟರಾ, ಇಷ್ಟ ಓದಿಸಿ ಇದನ್ನ ಕಲಿತೇನು? ದಿಕ್ಕಿಗೆಲ್ಲ ಹೆದರೋ ಮನಿ ಮಕ್ಕಳೇನು ನಾವು? ಬಂದ್ರ ಯಮ ಆ ದಂಡೀಂದ ಬರಬೇಕು. ನಡುವ ಭೀಮಾ ಅದಾಳ. ಅವನ ಕೋಣಕ್ಕ ಈಸ ಬರ್ತದೇನು? ಬಂದ್ರೂ ಬರ್ಲಿ, ಆ ಕೋಣಕ್ಕ ನೀನ ಒಂದ ಸೂಜಿ ಚುಚ್ಚು!"

ಮೊದಲು ನಕ್ಕವನು, ಹೊಸ ಒಲೆ ಹಾಕಲು ಸಲಕರಣೆ ಸಮೇತ ಬಂದಿದ್ದ ಗೌಂಡಿ. ಅಕ್ಕ ಅವನ ಕಡೆ ತಿರುಗಿದಳು. "ನಗಬ್ಯಾಡ. ಕೊಡಿಲ್ಲಿ ಹಾರಿ." ಅವನು ಕೊಡುವುದರೊಳಗೆ ಕಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಸಂದಿಗೆ ಎರಡೇಟು ಹಾಕಿದಳು. ಸುಣ್ಣ ಉದುರಿತು. ಆಮೇಲೆ ಗೌಂಡಿಗೆ ನಾಚಿಕೆಯಾಗಿ ಅವನೇ ಕೈ ಹಚ್ಚಿದ. ಸ್ವಲ್ಪ ಹೊತ್ತಿಗೆ ಒಂದು ಕಲ್ಲು ಹೊರಕ್ಕೆ ಜಾರಿ, ಬಹಳ ಕೆಳಗೆ ಎಲ್ಲೋ ಬಿದ್ದ ಸದ್ದು ಬಂತು.

ಆ ಕಿಂಡಿಯಿಂದ ಬೆಳಕಿನ ಒಂದು ಕೋಲು ಒಳಗೆ ಬಂದು ಎದುರಿನ ಗೋಡೆಯ ಮೇಲೆ ನಿಂತಿತು. ಬರಿಯ ಬೆಳಕಲ್ಲ, ನೀರಿನಿಂದ ಎದ್ದು ಬಂದ ಬೆಳಕು, ಅಲುಗಾಡುತ್ತಿತ್ತು. ಹೊಗೆ ಅದರೊಳಗೆ ಸುತ್ತುತ್ತ ಹೊರಗೆ ಹೊರಟಿತು. ತಂಪು ಗಾಳಿ ಬಂತು.

ಆಯಿ ಗೋಡೆ ಹಿಡಿದುಕೊಂಡು ಬಂದು ಕಿಂಡಿಗೆ ಮುಖ ಇಟ್ಟಳು. ಮದುವೆಯಾಗಿ ಆ ಮನೆಗೆ ಬಂದು, ಮಕ್ಕಳನ್ನು ಹೆತ್ತು, ಮೊಣಕಾಲು ಸೋಲುವ ತನಕ ಬಾಳಿದವಳು. ಬಹಳ ಹೊತ್ತು ನೋಡಿದಳು.

"ಯವ್ವಾ" ಎಂದಳು ಮೆಲ್ಲಗೆ. "ಅಕಿ ಇಷ್ಟ ಸನೇಕ ಇದ್ಳೇನು?"

ಅವಳು ಸರಿಯುವ ತನಕ ನಾವೆಲ್ಲ ಕಾದೆವು. ಆಮೇಲೆ ಅಕ್ಕ ನೋಡಿದಳು, ಅಳಿಯ ನೋಡಿದ, ಗೌಂಡಿಯೂ ನೋಡಿದ. ನನ್ನ ಪಾಳಿ ಬರುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ಹೊಗೆಯಿಂದ ಎಂದು ಹೇಳಿದೆ.

ವಾರದೊಳಗೆ ಕಿಟಕಿ ತಯಾರಾಯಿತು, ಸಾಗವಾನಿ ಚೌಕಟ್ಟು, ನಡುವೆ ಸರಳು, ಒಂದು ಕುರ್ಚಿ ಹಿಡಿಸುವಷ್ಟು ಅಗಲ. ಮೊದಲ ದಿನ ಬೆಳಗಿನ ಜಾವ ಎದ್ದು ಚಹಾ ಮಾಡಿಕೊಂಡು, ಕಾನ್ವೆಂಟಿನ ಹುಡುಗಿಯ ಹಾಗೆ ತುದಿಗಾಲಲ್ಲಿ ನಡೆಯುತ್ತ ಬಂದೆ. ನನ್ನ ಕುರ್ಚಿಯಲ್ಲಿ ಇವರು ಕೂತಿದ್ದರು. ಮಡಿಲಲ್ಲಿ ನಿನ್ನೆ ಮಧ್ಯಾಹ್ನದ ಬಸ್ಸಿನ ಪೇಪರು, ಬಿಚ್ಚಿರಲಿಲ್ಲ.

"ಆ ಕಡೆ ಸರೀರಿ. ಇದು ನನ್ನ ಕಿಟಕಿ."

"ಶ್, ಸುಮ್ಮನಿರು. ಅಲ್ನೋಡು, ಎಮ್ಮಿ ಈಸಾಡಾಕತ್ತಾವ. ಮುಂದಿನದು ಕುಂಟಾಕತ್ತದ ಅನಸ್ತದ."

"ನೀರಾಗ ಯಾವ ಎಮ್ಮ್ಯಾದ್ರೂ ಕುಂಟ್ತದೇನ್ರಿ?"

"ದಂಡಿಗೆ ಬರ್ಲಿ, ತೋರಸ್ತೇನಿ."

ಅದು ದಂಡೆಗೆ ಬರುವ ತನಕ ಇಬ್ಬರೂ ನೋಡಿದೆವು, ಅವರು ಕೂತು, ನಾನು ನಿಂತು. ನಿಜವಾಗಿಯೂ ಕುಂಟುತ್ತಿತ್ತು. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅವತ್ತಿನಿಂದ ನಮ್ಮ ಕಟ್ಟೆಯ ಮೇಲೆ ದಿನವೂ ಒಂದು ದವಾಖಾನೆ, ಪೇಷಂಟುಗಳೆಲ್ಲ ನಾಲ್ಕು ಕಾಲಿನವು. ಸಿಟಿ ಸಮೀಪ ಬೇಕು ಎಂದವರು ಗುಲಬರ್ಗಾಕ್ಕೆ ಹೋಗುತ್ತಿದ್ದದ್ದು ಪೆನ್ಷನ್ ಕೆಲಸಕ್ಕೆ ಮಾತ್ರ, ಅದೂ ಸಂಜೆಯ ಬಸ್ಸಿಗೆ ಓಡೋಡಿ ಬರುತ್ತಿದ್ದರು. ಅಮಾವಾಸ್ಯೆಗೆ ಊರಿಗೇ ಸಿಟಿ ಬರುತ್ತಿತ್ತು. ಬಳೆ, ಬಾಳೆಹಣ್ಣು, ಪ್ಲಾಸ್ಟಿಕ್ ಬುಟ್ಟಿ, ಸೊಲ್ಲಾಪುರದ ಚಾದರ, ಎಲ್ಲ ಓಣಿಯ ತುದಿಗೆ.

ಈಗ ಆ ಬೆಳಗುಗಳು ದೂರವಾಗಿವೆ. ಇವರೂ ಇಲ್ಲ, ಅಕ್ಕನೂ ಇಲ್ಲ, ಆಯಿ ಯಾವಾಗಲೋ ಹೋದಳು. ನಾನು ಇನ್ನೂ ಚಹಾ ಹಿಡಿದುಕೊಂಡು ಅಲ್ಲೇ ಕೂರುತ್ತೇನೆ, ಹೊಳೆಯೂ ಬರುತ್ತದೆ ಹೋಗುತ್ತದೆ. ಒಂಟಿ ಅನಿಸುವುದಿಲ್ಲ, ನಗು ಬರುವ ನೆನಪುಗಳೇ ಹೆಚ್ಚು. ಅದರಲ್ಲೂ ಆ ಮೊದಲ ತಿಂಗಳಿನದು. ದಿನಾ ಬೆಳಿಗ್ಗೆ ಒಂದು ಕುರ್ಚಿಗಾಗಿ ಡಾರ್ಮಿಟರಿಯ ಕೋಲ್ಡ್ ವಾರ್ ಮತ್ತೆ ಶುರುವಾಗಿತ್ತು. ಕೊನೆಗೆ ಒಂದು ದಿನ ನಾನು ಸೋತು, ಅಡುಗೆಮನೆಯಲ್ಲಿ ಗೋಡೆ ನೋಡುತ್ತ ಚಹಾ ಕುಡಿಯುತ್ತ ಕೂತಿದ್ದೆ. ಹೊರಗೆ ಗೌಂಡಿಯ ದನಿ ಕೇಳಿತು. ನಾನು ಕರೆಸಿರಲಿಲ್ಲ.

ಹೋಗಿ ನೋಡಿದರೆ ಇವರು ಕಿಟಕಿಯ ಪಕ್ಕ ಮೊಳ ಹಾಕುತ್ತ ನಿಂತಿದ್ದರು. "ಇಲ್ಲೀತನಕಾ ಒಡಿ" ಎನ್ನುತ್ತಿದ್ದರು. "ಇನ್ನೊಂದು ಕುರ್ಚಿ ಹಿಡೀಬೇಕು."

"ದಕ್ಷಿಣ ಅದರೀ ಸಾಬ, ಮತ್ತ ನೋಡ್ರಿ" ಎಂದ ಗೌಂಡಿ, ನನಗೆ ಕಣ್ಣು ಮಿಟುಕಿಸಿ.

"ಗೊತ್ತದ, ಒಡಿಯಪ್ಪಾ. ಮೇಡಂ ಅಲ್ಲಿ ಗ್ವಾಡಿ ನೋಡ್ಕೋತ ಕುಂತಾಳ."